ಫೀನಾಳ ಜೊತೆ ಡಚ್ಚಿನಲ್ಲೇ

ಹಾಲೆಂಡಿನ ಉತ್ತರದಂಚಿನ ನಮ್ಮ ವಿಬ್‌ವೆರ್ಡಿನಲ್ಲಿ ಹಸುವಿಗೂ ನಾಯಿಗೂ ನಮ್ಮ ಮಾತೇ. ಬೈಯುವುದು, ಮುದ್ದಾಡುವುದು, ಸತ್ತವರನ್ನು ನೆನೆದು ಅಳುವುದು ಎಲ್ಲ ಫ್ರಿಸಿಯನ್ನಿನಲ್ಲಿ. ಡಚ್ ಇರುವುದು ಶಾಲೆಗೆ, ಪಾದ್ರಿಯ ಪ್ರವಚನಕ್ಕೆ, ತೆರಿಗೆಯವನಿಗೆ ಮತ್ತು ಹೊರಗಿನವರಿಗೆ. ಕೋಣೆಯಲ್ಲಿ ನಮ್ಮವರು ಎಷ್ಟೇ ಜನ ಇರಲಿ, ಹೊರಗಿನವರು ಒಬ್ಬರು ಕಾಲಿಟ್ಟರೆ ಸಾಕು, ಎಲ್ಲರ ನಾಲಿಗೆಯೂ ತಾನಾಗಿ ಡಚ್ಚಿಗೆ ಹೊರಳುತ್ತದೆ. ಅದೂ ನಾವು ಶಾಲೆಯಲ್ಲಿ ಕಲಿತ ಡಚ್, ಇಸ್ತ್ರಿ ಹಾಕಿದ ಹಾಗೆ ಗರಿಗರಿ. ಇದಕ್ಕೆ ನಾವು ಮರ್ಯಾದೆ ಎನ್ನುತ್ತೇವೆ. ಮರ್ಯಾದೆ ಕೊಟ್ಟದ್ದೇ ತಪ್ಪು ಎಂದು ಯಾರಾದರೂ ಹೇಳಲು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಫೀನಾಳ ಕಥೆ ಹೇಳಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು.

ನಾನು ಯಿಕ್ಕೆ. ನಮ್ಮ ಮನೆಗೂ ಔಕ್ಯೆಯ ಮನೆಗೂ ನಡುವೆ ಒಂದು ಕಾಲುವೆ, ಅದರ ಮೇಲೆ ಒಂದು ಹಲಗೆ. ಔಕ್ಯೆ ಎಂದರೆ ದೊಡ್ಡ ರೈತನ ವಿಧವೆ. ಭಾನುವಾರ ಚಿನ್ನದ ತಲೆಪಟ್ಟಿ, ಅದರ ಮೇಲೆ ಜಾಲರಿ ಟೋಪಿ ಹಾಕಿಕೊಂಡು ಇಗರ್ಜಿಗೆ ಬಂದಳೆಂದರೆ ಪಾದ್ರಿಯೂ ಒಂದು ಕ್ಷಣ ಪುಸ್ತಕದಿಂದ ಕಣ್ಣೆತ್ತುತ್ತಿದ್ದ. ಆರಡಿ ಎತ್ತರ, ಉದ್ದನೆಯ ದವಡೆ, ರೆಪ್ಪೆಗೂದಲೂ ಬಿಳಿ. ನಾವೆಲ್ಲ ಸುಮಾರಾಗಿ ಹಾಗೇ ಇದ್ದೇವೆ, ಆದರೆ ಅವಳಲ್ಲಿ ಅದು ಕಡೆದು ನಿಲ್ಲಿಸಿದ ಹಾಗಿತ್ತು. ಅವಳಿಗೆ ವೊಬ್ಬೆ ಎಂಬ ಒಬ್ಬನೇ ಮಗ. ಅವನಿಗೆ ನನ್ನ ತಂಗಿಯನ್ನು ತರಬೇಕೆಂದು ಔಕ್ಯೆಯೂ ನನ್ನ ಅಮ್ಮನೂ ಎಂದೋ ಮಾತಾಡಿಕೊಂಡಿದ್ದರು.

ಯುದ್ಧದ ಕೊನೆಯ ಚಳಿಗಾಲದಲ್ಲಿ ಜರ್ಮನ್ನರು ದಕ್ಷಿಣದ ಲಿಂಬರ್ಗಿನ ಜನರನ್ನು ಊರು ಬಿಡಿಸಿ, ದನದ ರೈಲಿಗೆ ತುಂಬಿ ನಮ್ಮ ಕಡೆ ಕಳಿಸಿದರು. ನಮ್ಮ ಇಗರ್ಜಿಯ ಬೆಂಚುಗಳ ಮೇಲೆ ಅವರನ್ನು ಕೂರಿಸಿದ್ದರು. ಯಾರ ಮನೆಗೆ ಯಾರು ಎಂದು ಆರಿಸಿಕೊಳ್ಳಲು ನಾವು ಹೋದೆವು. ಕೊನೆಯ ಬೆಂಚಿನಲ್ಲಿ ಹದಿನಾರು ಹದಿನೇಳರ ಒಬ್ಬ ಹುಡುಗಿ ಒಂದು ಗಂಟನ್ನು ಅವುಚಿಕೊಂಡು ಕೂತಿದ್ದಳು. ಗಿಡ್ಡ ಆಳು, ಕಪ್ಪು ಕೂದಲು, ಕಪ್ಪು ಕಣ್ಣು. ಅವಳ ತಾಯಿ ರೈಲಿನಲ್ಲೇ ತೀರಿಕೊಂಡಿದ್ದಳು. ಅವಳೇ ಫೀನಾ.

ಔಕ್ಯೆ ಅವಳನ್ನು ಎದ್ದು ನಿಲ್ಲಿಸಿ ನೋಡಿದಳು. ನಮ್ಮ ಕಡೆ ತಿರುಗಿ, "ಹಾಲು ಕರೆಯೋಕೆ ಇವಳಿಗೆ ಸ್ಟೂಲೇ ಬೇಡ ಬಿಡ್ರೇ, ನಿಂತ್ಕೊಂಡೇ ಕರೀಬೋದು" ಎಂದಳು. ಇಗರ್ಜಿಯೆಲ್ಲ ನಗೆ. ಹುಡುಗಿಗೆ ಒಂದಕ್ಷರವೂ ಅರ್ಥವಾಗಲಿಲ್ಲ, ಪಾಪ, ಅವಳೂ ನಕ್ಕಳು. ಆಮೇಲೆ ಔಕ್ಯೆ ಅವಳ ಕಡೆ ತಿರುಗಿ ಡಚ್ಚಿನಲ್ಲಿ, "ತಾವು ನಮ್ಮ ಗೃಹಕ್ಕೆ ಬರಬಹುದು" ಎಂದಳು.

ಗಂಟು ಹಿಡಿದುಕೊಂಡು ಹೋದವಳು ಮುಂಬಾಗಿಲು ತಟ್ಟಿದಳಂತೆ. ನಮ್ಮಲ್ಲಿ ಮುಂಬಾಗಿಲು ತೆಗೆಯುವುದು ಮದುವೆಗೆ ಮತ್ತು ಹೆಣಕ್ಕೆ ಮಾತ್ರ. ಬದುಕಿರುವವರೆಲ್ಲ ಕೊಟ್ಟಿಗೆಯ ಬದಿಯ ಹಿಂಬಾಗಿಲಿನಿಂದಲೇ. ಔಕ್ಯೆ ಕಿಟಕಿಯಿಂದ ತಲೆ ಹಾಕಿ, "ಮದುವಣಗಿತ್ತಿಯೇನೇ ನೀನು, ಹೆಣವೇನೇ?" ಎಂದು ಕೂಗಿದ್ದು ಕಾಲುವೆಯಾಚೆ ನಮಗೂ ಕೇಳಿಸಿತು.

ಮೂರು ವರ್ಷ ಕಳೆಯುವಷ್ಟರಲ್ಲಿ ಅವಳು ಮದುವಣಗಿತ್ತಿಯಾಗಿ ಅದೇ ಬಾಗಿಲಿನಿಂದ ಒಳಗೆ ಬಂದಳು. ಯುದ್ಧ ಮುಗಿದ ಮೇಲೆ ಹೋಗಲು ಅವಳಿಗೆ ಮನೆಯಿರಲಿಲ್ಲ. ಕೆಲಸದವಳಾಗಿ ಉಳಿದಳು. ಮೆತ್ತಗಿನ ಮನುಷ್ಯ ವೊಬ್ಬೆ, ಹುಲ್ಲಿನ ಅಟ್ಟದಲ್ಲಿ ಎಷ್ಟು ಮೆತ್ತಗಾದನೋ, ಫೀನಾ ಬಸುರಾದಳು. ನನ್ನ ತಂಗಿ ಒಂದು ವಾರ ಅತ್ತಳು. ಔಕ್ಯೆ ಅಳಲಿಲ್ಲ, ಬೈಯಲೂ ಇಲ್ಲ. ಅವಳು ಸೊಸೆಗೆ ಮರ್ಯಾದೆ ಕೊಡಲು ಶುರು ಮಾಡಿದಳು.

ಫೀನಾ ನಮ್ಮ ಮಾತು ಕಲಿತದ್ದು ಕೊಟ್ಟಿಗೆಯಲ್ಲಿ. ಹಸುಗಳು, ಆಳುಗಳು ಅವಳ ಮೇಷ್ಟ್ರುಗಳು. ಒಬ್ಬಳೇ ಹಾಲು ಕರೆಯುವಾಗ ಗುನುಗಿಕೊಳ್ಳುತ್ತಿದ್ದಳು. ಗೋಡೆಯಾಚೆ ನಿಂತು ಕೇಳಿದರೆ ನಮ್ಮೂರಿನವಳೇ ಅನ್ನಬೇಕು, ಅಷ್ಟು ಸೊಗಸು. ಮದುವೆಯಾದ ವರ್ಷ ನಮ್ಮ ಮನೆಯಲ್ಲಿ ಹೆಂಗಸರ ಕಾಫಿಯಿತ್ತು. ಅಂದು ಅವಳು ಧೈರ್ಯ ಮಾಡಿ ಎಲ್ಲರೆದುರು ಬಾಯಿಬಿಟ್ಟಳು.

"ಯಿಕ್ಕಕ್ಕ, ಕಾಫಿ ಪಸಂದಾಗಿದೆ ಕಣೇ. ನಂಗೂ ಹಿಂಗ್ ಮಾಡೋದ್ ಹೇಳ್ಕೊಡು" ಎಂದಳು.

ಎಲ್ಲರ ಬಟ್ಟಲೂ ಗಾಳಿಯಲ್ಲೇ ನಿಂತಿತು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದರೆ ನಕ್ಕು ತಿದ್ದಬಹುದಿತ್ತು. ಆ ಕಪ್ಪು ಕಣ್ಣು, ಆ ಪುಟ್ಟ ಮುಖದಿಂದ ನಮ್ಮ ಮಾತು ಬಂದದ್ದು ನೋಡಿ ನಮಗೇ ಯಾರೋ ಬಟ್ಟೆ ಬಿಚ್ಚಿದ ಹಾಗಾಯಿತು. ಔಕ್ಯೆ ತಟ್ಟೆಯನ್ನು ಅವಳ ಮುಂದೆ ಸರಿಸಿದಳು.

"ತಾವು ಇನ್ನೊಂದು ಬಿಸ್ಕತ್ತನ್ನು ಸ್ವೀಕರಿಸಬಹುದು" ಎಂದಳು ಡಚ್ಚಿನಲ್ಲಿ.

ನಾನೂ ಡಚ್ಚಿನಲ್ಲೇ ಹೇಳಿದೆ. "ಕಾಫಿ ತಮಗೆ ರುಚಿಸಿತಲ್ಲವೇ, ಬಹಳ ಸಂತೋಷ." ಬೇರೇನು ಹೇಳಬೇಕಿತ್ತು? ನಾಲಿಗೆಗೆ ಬಂದದ್ದೇ ಅದು.

ಅಂದಿನಿಂದ ಹಾಗೇ ನಡೆಯಿತು. ಅವಳು ನಮ್ಮ ಮಾತಿನಲ್ಲಿ ಕೇಳುವುದು, ನಾವು ಡಚ್ಚಿನಲ್ಲಿ ಉತ್ತರ ಕೊಡುವುದು. ಅಂಗಡಿಯಲ್ಲಿ, ಕಾಲುವೆಯ ಮೇಲೆ ಮಂಜುಗಟ್ಟಿದಾಗ ಸ್ಕೇಟಿಂಗಿನಲ್ಲಿ, ಇಗರ್ಜಿಯ ಬಾಗಿಲಲ್ಲಿ, ಎಲ್ಲೆಡೆ. ಒಂದು ದಿನ ಬೇಕರಿಯವನನ್ನು ಕೇಳಿದೆ, "ಅವಳು ಈಗ ಯಾವ ಮಾತಲ್ಲಿ ಕೇಳಿದ್ಲು ಹೇಳು?" ಅವನು ಕಣ್ಣು ಪಿಳಿಪಿಳಿ ಬಿಟ್ಟು, "ಡಚ್ಚಲ್ಲೇ ಅಲ್ವಾ?" ಎಂದ. ಅವನ ಕಿವಿಗೆ ಹಾಗೇ ಕೇಳಿಸಿತ್ತು. ವೊಬ್ಬೆಯೂ ಅಷ್ಟೇ. ಅಟ್ಟದಲ್ಲಿ ಅವಳೊಡನೆ ಪಿಸುಗುಟ್ಟಿದ್ದು ಡಚ್ಚಿನಲ್ಲಿ, ಜೀವಮಾನವಿಡೀ ಹಾಸಿಗೆಯಲ್ಲೂ ಡಚ್ಚಿನಲ್ಲೇ ಉಳಿದ.

ಮಗು ಹುಟ್ಟಿದಾಗ ಔಕ್ಯೆ ಅದನ್ನು ಬಾಣಂತಿಯ ಪಕ್ಕದಿಂದ ಎತ್ತಿಕೊಂಡು ನೇರ ಕಿಟಕಿಗೆ ನಡೆದಳು. ಬೆಳಕಿಗೆ ಹಿಡಿದು ತಲೆ ನೋಡಿದಳು. ಕೂದಲು ಹುಲ್ಲಿನ ಬಣ್ಣ.

"ಸದ್ಯ! ಇದು ನಮ್ದು" ಎಂದಳು.

ಆ ಹುಡುಗ ಸಿಪ್ಕೆಗೆ ಅಜ್ಜಿ ಮೊದಲಿನಿಂದಲೂ ಒಂದೇ ಪಾಠ ಹೇಳಿಕೊಟ್ಟಳು: ನನ್ನ ಹತ್ರ, ಅಪ್ಪನ ಹತ್ರ ನಮ್ಮ ಮಾತು, ಅವಳ ಹತ್ರ ಡಚ್. ಶಾಲೆಗೆ ಹೋಗುವಷ್ಟರಲ್ಲಿ ಅವನ ಡಚ್ ಪಾದ್ರಿಯ ಡಚ್ಚಿನಷ್ಟು ಚೊಕ್ಕವಾಗಿತ್ತು, ಔಕ್ಯೆ ಊರೆಲ್ಲ ಹೇಳಿಕೊಂಡು ಹೆಮ್ಮೆಪಟ್ಟಳು. ಒಮ್ಮೆ ಅವನು ಹಲಗೆಯ ಮೇಲೆ ಜಾರಿ ಕಾಲುವೆಗೆ ಬಿದ್ದ. ಫೀನಾ ಸೊಂಟದವರೆಗೆ ನೀರಿಗಿಳಿದು ಅವನನ್ನು ಎತ್ತಿಕೊಂಡು ನಮ್ಮ ಅಂಗಳಕ್ಕೆ ಬಂದಳು.

"ಅಳಬೇಡ್ವೋ ನನ್ ಬಂಗಾರ, ಏನೂ ಆಗಿಲ್ಲ, ಅವ್ವ ಇದೀನಲ್ಲ" ಎಂದು ನಮ್ಮ ಮಾತಿನಲ್ಲಿ ಮುದ್ದಿಸುತ್ತಿದ್ದಳು.

ಹುಡುಗ ಹಲ್ಲು ಕಟಕಟಿಸುತ್ತಲೇ, "ತಾಯಿ, ದಯವಿಟ್ಟು ನನ್ನನ್ನು ಕೆಳಗಿಳಿಸಿ. ನಾನು ಅವ್ವನ ಬಳಿಗೆ ಹೋಗಬೇಕು" ಎಂದ. ಅವ್ವ ಎಂದರೆ ಅವನಿಗೆ ಔಕ್ಯೆ. ಫೀನಾ ಇಳಿಸಿದಳು. ಅವನು ಓಡಿದ. ಅವಳು ನಮ್ಮ ಅಂಗಳದಲ್ಲಿ ನೀರು ಸುರಿಸಿಕೊಂಡು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ನಾನು ಅವಳ ಹತ್ತಿರ ಹೋದೆ. ಆದರೆ ಬಾಯಿಗೆ ಬಂದದ್ದು, "ತಾವು ಒಳಗೆ ಬಂದು ಒಣಗಿಸಿಕೊಳ್ಳುವಿರಾ?"

ಒಂದೇ ಒಂದು ಸಲ ಅವಳು ಬಾಯಿಬಿಟ್ಟು ಬೇಡಿಕೊಂಡಳು. ನಾನು ಮೊಟ್ಟೆ ಕೊಡಲು ಹೋಗಿದ್ದೆ. ಅಡುಗೆಮನೆಯಲ್ಲಿ ಔಕ್ಯೆ ಆಲೂಗಡ್ಡೆ ಸುಲಿಯುತ್ತಿದ್ದಳು. ಫೀನಾ ಕೈ ಒರೆಸಿಕೊಂಡು ಅವಳೆದುರು ನಿಂತಳು.

"ಅತ್ತೇ, ನಾನ್ ನಿಮ್ ಮನೇಲಿ ಇಷ್ಟ್ ವರ್ಷ ದುಡ್ದಿದೀನಿ. ನಂಗೆ ಒಡವೆ ಬೇಡ, ಏನೂ ಬೇಡ. ನನ್ನ ಬೈದ್ರೂ ಪರವಾಗಿಲ್ಲ, ನಿಮ್ ಮಾತಲ್ಲಿ ಬೈರಿ. ನಾಯಿಗ್ ಬೈಯೋ ಹಂಗ್ ಬೈರಿ."

ಔಕ್ಯೆ ಚಾಕು ಕೆಳಗಿಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವಿತ್ತು.

"ಅದು ಹೇಗೆ ಸಾಧ್ಯ? ತಾವು ನಮ್ಮ ಅತಿಥಿ" ಎಂದಳು.

ಆಗ ಸಿಪ್ಕೆಗೆ ಮೀಸೆ ಮೂಡುತ್ತಿತ್ತು. ಫೀನಾಳಿಗೆ ಆ ಮನೆಯಲ್ಲಿ ಕೂದಲು ನರೆಯಲು ಶುರುವಾಗಿತ್ತು. ಅತಿಥಿಯಂತೆ! ನನಗೆ ಔಕ್ಯೆಯನ್ನು ಕಂಡರೆ ಎಂದೂ ಆಗುತ್ತಿರಲಿಲ್ಲ, ಆದರೆ ಅಂದು ಆಲೂಗಡ್ಡೆ ಬಾಣಲೆಯನ್ನೇ ತಲೆಗೆ ಹಾಕಬೇಕೆನಿಸಿತು. ಹಾಕಲಿಲ್ಲ. ಮೊಟ್ಟೆಯಿಟ್ಟು ಬಂದೆ.

ಫೀನಾ ಆಮೇಲೆ ಕೇಳಲಿಲ್ಲ. ಆದರೆ ನಮ್ಮ ಮಾತು ಬಿಡಲೂ ಇಲ್ಲ. ಕಾಯುತ್ತಿದ್ದಳು, ಅಷ್ಟೇ. ಮುದುಕಿಯ ಬಾಯಿಂದ ಒಂದು ಮಾತು, ಸಾಯುವ ಮೊದಲು ಒಂದೇ ಮಾತು. ಮುದುಕಿ ಒಪ್ಪಿದರೆ ಮಗ ಒಪ್ಪುತ್ತಾನೆ, ಮೊಮ್ಮಗ ಒಪ್ಪುತ್ತಾನೆ, ಊರೂ ಒಪ್ಪುತ್ತದೆ. ಅದು ನಿಜವೂ ಆಗಿತ್ತು. ನಾವೆಲ್ಲ ಔಕ್ಯೆಯ ಮುಖ ನೋಡಿಕೊಂಡೇ ನಡೆಯುತ್ತಿದ್ದವರು.

ಆಮೇಲೆ ಒಂದು ವಸಂತದಲ್ಲಿ ಔಕ್ಯೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸತ್ತವು. ಪಟ್ಟಣದಿಂದ ಬಂದ ಡಾಕ್ಟರು ಡಚ್ಚಿನಲ್ಲಿ ಹೆಸರು ಕೇಳಿದರು, ಊರು ಕೇಳಿದರು. ಅವಳು ಅವರನ್ನೇ ಪೆಚ್ಚಾಗಿ ನೋಡಿದಳು. ವೊಬ್ಬೆ ನಮ್ಮ ಮಾತಿನಲ್ಲಿ ಕೇಳಿದ. ಆಗ, "ಏನೋ ಬಡ್ಕೋತಿದಾನೆ ಇವ್ನು? ಔಕ್ಯೆ ಅಂತ ಹೇಳೋ" ಎಂದಳು. ತೊದಲಿದರೂ ಸ್ಪಷ್ಟ.

ಡಾಕ್ಟರು ಕೈ ತೊಳೆಯುತ್ತ ಹೇಳಿದರು. ಚಿಕ್ಕಂದಿನಲ್ಲಿ ತಾಯಿಯಿಂದ ಕಲಿತದ್ದು ಉಳಿದಿದೆ, ಶಾಲೆಯಲ್ಲಿ ಕಲಿತದ್ದು ಅಳಿಸಿಹೋಗಿದೆ. ಕೆಲವರಿಗೆ ಹೀಗಾಗುತ್ತದೆ. ಇನ್ನು ಅವರಿಗೆ ಡಚ್ ಬರುವುದಿಲ್ಲ.

ಫೀನಾ ಕೈಯಲ್ಲಿ ಟವೆಲು ಹಿಡಿದು ನಿಂತಿದ್ದಳು. ಅವಳ ಮುಖ ನೋಡಬೇಕಿತ್ತು. ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದಾರೆ, ಇವಳ ಕೆನ್ನೆ ಹುಡುಗಿಯ ಹಾಗೆ ಕೆಂಪಾಗಿತ್ತು. ಇನ್ನು ಮುದುಕಿಗೆ ಬೇರೆ ದಾರಿಯಿಲ್ಲ! ನೀರು ಬೇಕೆಂದರೂ, ಹೊದಿಕೆ ಬೇಕೆಂದರೂ, ಬೈಯಬೇಕೆಂದರೂ ನಮ್ಮ ಮಾತೇ. ಮರುದಿನ ಬೆಳಿಗ್ಗೆ ನಾನು ನೋಡಲು ಹೋಗಿದ್ದಾಗ ಅವಳು ತಲೆ ಬಾಚಿ, ಶುಭ್ರ ಅಂಗಿ ತೊಟ್ಟು, ಗಂಜಿಯ ಬಟ್ಟಲು ಹಿಡಿದು ಮುದುಕಿಯ ಬಳಿ ಹೋದಳು. ಔಕ್ಯೆ ಮಲಗುತ್ತಿದ್ದುದು ಹಳೆಯ ಕಾಲದ ಗೋಡೆಮಂಚದಲ್ಲಿ, ಬೀರುವಿನ ಹಾಗೆ ಎರಡು ಬಾಗಿಲಿರುವಂಥದ್ದು. ಫೀನಾ ಬಾಗಿಲು ತೆರೆದು ಕೇಳಿದಳು.

"ಅತ್ತೇ, ಗಂಜಿಗ್ ಸಕ್ರೆ ಹಾಕ್ಲಾ, ಉಪ್ಪು ಹಾಕ್ಲಾ?"

ಔಕ್ಯೆ ಬಾಯಿ ತೆರೆದಳು. ಡಚ್ಚಿಗಾಗಿ ಹುಡುಕುತ್ತಿದ್ದಳೆಂದು ನನಗೆ ಕಂಡಿತು. ಕಣ್ಣಲ್ಲಿ ಗಾಬರಿ. ಏನೂ ಸಿಗಲಿಲ್ಲ. ಆಮೇಲೆ ತುಟಿ ಬಿಗಿದುಕೊಂಡಳು. ಕಾಲ ಬಳಿ ಬೆಕ್ಕು ಮಲಗಿತ್ತು. ಎಡಗೈಯಿಂದ ಅದರ ಬೆನ್ನು ಸವರಿದಳು.

"ಏನ್ ಪುಟ್ಟೀ, ಅವಳಿಗೆ ಹೇಳು, ಸಕ್ರೆ ಹಾಕ್ಲಿ ಅಂತ" ಎಂದಳು ಬೆಕ್ಕಿಗೆ.

ಆಮೇಲೆ ಎಲ್ಲವೂ ಬೆಕ್ಕಿನ ಮೂಲಕವೇ. ಪುಟ್ಟೀ, ಅವಳ ಕೈ ತಣ್ಣಗಿದೆ. ಪುಟ್ಟೀ, ಅವಳು ದಿಂಬು ಸರಿಯಾಗಿ ಇಟ್ಟಿಲ್ಲ. ಫೀನಾ ಅವಳ ಮಲ ಬಳಿದಳು, ಮೂತ್ರ ಬಳಿದಳು, ಹುಣ್ಣಾಗದ ಹಾಗೆ ಮಗ್ಗುಲು ಬದಲಾಯಿಸಿದಳು. ಅಷ್ಟು ಗಿಡ್ಡ ಹೆಂಗಸು ಅಷ್ಟು ಉದ್ದದ ಮೈಯನ್ನು ಹೇಗೆ ಎತ್ತುತ್ತಿದ್ದಳೋ. ಬೆಕ್ಕು ಇಲಿ ಹಿಡಿಯಲು ಕೊಟ್ಟಿಗೆಗೆ ಹೋಗಿದ್ದರೆ ಮುದುಕಿ ಬಾಯಾರಿಕೆಯಾದರೂ ಹೇಳದೆ ಕಾಯುತ್ತಿದ್ದಳು. ಸಂಜೆ ವೊಬ್ಬೆ ಬಂದರೆ ಬಾಯಿತುಂಬ ಮಾತು, ನಗು. ನಾನು ಹೋದರೆ ಊರ ಸುದ್ದಿಯೆಲ್ಲ ಕೇಳುವಳು. ಫೀನಾ ಒಳಗೆ ಬಂದರೆ ಬಾಯಿಗೆ ಬೀಗ.

"ಸಾಕ್ ಮಾಡೇ ಔಕ್ಯಮ್ಮ, ಒಂದ್ ಮಾತಾಡಿದ್ರೆ ಏನ್ ಹೋಗತ್ತೆ ನಿಂದು?" ಎಂದು ನಾನೇ ಒಮ್ಮೆ ಕೇಳಿದೆ.

"ಎಲ್ಲಾ ತಗೊಂಡ್ಳಲ್ಲೇ. ಮಗನ್ ತಗೊಂಡ್ಳು, ಒಲೆ ತಗೊಂಡ್ಳು, ಈಗ ನನ್ ಕೈಕಾಲೂ ಅವಳ ಕೈಯಲ್ಲಿದೆ" ಎಂದಳು ಔಕ್ಯೆ. "ಇದೊಂದ್ ಉಳಿದಿದೆ. ಕೊಡಲ್ಲ."

ಬಾಗಿಲ ಬಳಿ ಫೀನಾ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಕೇಳಿಸಿರಲೇಬೇಕು. ಅಂದಿನಿಂದ ಅವಳು ಮುದುಕಿಯೊಡನೆ ಮಾತಾಡುವುದನ್ನು ನಿಲ್ಲಿಸಿದಳು. ಚಾಕರಿಯಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ.

ಜೂನ್ ತಿಂಗಳು, ಹುಲ್ಲು ಕೊಯ್ದು ಒಣಹಾಕಿತ್ತು. ಕಡಲಿನ ಒಡ್ಡಿನ ಮೇಲೆ ಮೋಡ ಕಟ್ಟಿತೆಂದು ಊರಿಗೆ ಊರೇ ಹೊಲದಲ್ಲಿತ್ತು. ನನಗೆ ಕಾಲು ಉಳುಕಿ ಮನೆಯಲ್ಲಿದ್ದೆ. ಮಧ್ಯಾಹ್ನ ಒಂದು ಪಾತ್ರೆ ಮಜ್ಜಿಗೆ ಹಿಡಿದು ಹಲಗೆ ದಾಟಿ ಅವರ ಹಿಂಬಾಗಿಲಿಗೆ ಹೋದೆ. ಕೊಟ್ಟಿಗೆ ಖಾಲಿ, ಹಸುಗಳೆಲ್ಲ ಹೊರಗೆ. ಒಳಬಾಗಿಲು ಅರ್ಧ ತೆರೆದಿತ್ತು. ಅಲ್ಲೇ ಮುದುಕಿಯ ದನಿ ಕೇಳಿ ನಿಂತೆ. ಅದು ಎಂದಿನ ದನಿಯಾಗಿರಲಿಲ್ಲ, ಎದೆಯಲ್ಲಿ ನೀರು ತುಂಬಿದವರ ದನಿ.

"ಪುಟ್ಟೀ..." ಎಂದಳು. ಬೆಕ್ಕಿರಲಿಲ್ಲ. ಆಮೇಲೆ ನನ್ನ ಕಿವಿಯನ್ನೇ ನಾನು ನಂಬಲಿಲ್ಲ.

"ಫೀನಾ. ಫೀನಾ, ಬಾರೇ ಮಗಳೇ."

ಮಗಳೇ ಎಂದಳು. ನಮ್ಮ ಮಾತಿನಲ್ಲಿ, ನಾವು ಹೊಟ್ಟೆಯಲ್ಲಿ ಹುಟ್ಟಿದವರನ್ನು ಕರೆಯುವ ಹಾಗೆ.

ಬಾಗಿಲ ಸಂದಿಯಿಂದ ನೋಡಿದೆ. ಫೀನಾ ಗೋಡೆಮಂಚದ ಮುಂದೆ, ಕೈಯಳತೆಯ ದೂರದಲ್ಲಿ ನಿಂತಿದ್ದಳು. ಮುದುಕಿಯ ತುಟಿ ನೀಲಿಗಟ್ಟಿತ್ತು. ಎಡಗೈ ಗಾಳಿಯಲ್ಲಿ ಅವಳ ಅಂಗಿಯ ಅಂಚಿಗಾಗಿ ತಡಕಾಡುತ್ತಿತ್ತು.

"ನಾನ್ ಹೋಗ್ತಿದೀನಿ ಕಣೇ. ವೊಬ್ಬೇನ ಕರಿ. ನನ್ ಮಗನ್ನ ನೋಡ್ಬೇಕು. ಓಡೇ, ನಿನ್ ದಮ್ಮಯ್ಯ, ಓಡು."

ಫೀನಾ ಸ್ವಲ್ಪ ಬಾಗಿದಳು. ಮುಖದಲ್ಲಿ ನಗುವಿರಲಿಲ್ಲ, ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಹೊಸಬರೊಡನೆ ನಾವು ಮಾತಾಡುವಾಗ ಇರುತ್ತದಲ್ಲ, ಆ ಮುಖ. ಡಚ್ಚಿನಲ್ಲಿ, ಪ್ರತಿ ಶಬ್ದವನ್ನೂ ಬಿಡಿಸಿ ಬಿಡಿಸಿ ಹೇಳಿದಳು.

"ಕ್ಷಮಿಸಬೇಕು. ತಾವು ಹೇಳುತ್ತಿರುವುದು ನನಗೆ ಅರ್ಥವಾಗುತ್ತಿಲ್ಲ."

ಮುದುಕಿಯ ಕಣ್ಣು ಅಗಲವಾಯಿತು. ಅವಳಿಗೆ ಈಗ ಡಚ್ ತಿಳಿಯುತ್ತಿತ್ತೋ ಇಲ್ಲವೋ ನಾನರಿಯೆ. ಆದರೆ ಏನಾಗುತ್ತಿದೆ ಎಂದು ತಿಳಿಯಿತು. "ವೊಬ್ಬೆ" ಎಂದಳು, ಮತ್ತೆ ಮತ್ತೆ, ಬರೀ ಹೆಸರು. ಫೀನಾ ಕುರ್ಚಿ ಎಳೆದುಕೊಂಡು ಕೂತು, ತೊಡೆಯ ಮೇಲೆ ಕೈಯಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು.

ನಾನು ಮಜ್ಜಿಗೆ ಪಾತ್ರೆಯನ್ನು ಅಲ್ಲೇ ಬಿಟ್ಟು, ಉಳುಕಿದ ಕಾಲೆಳೆದುಕೊಂಡು ಹೊಲಕ್ಕೆ ಓಡಿದೆ. ವೊಬ್ಬೆ ಕೈಯಲ್ಲಿದ್ದ ಕವೆಗೋಲು ಎಸೆದು ನನಗಿಂತ ಮುಂದೆ ಓಡಿದ. ಅವನು ಒಳಗೆ ಹೋದಾಗ ಫೀನಾ ಗಡಿಯಾರದ ಲೋಲಕ ನಿಲ್ಲಿಸುತ್ತಿದ್ದಳು. ನಮ್ಮಲ್ಲಿ ಸಾವಾದ ಮನೆಯಲ್ಲಿ ಮೊದಲು ಮಾಡುವ ಕೆಲಸ ಅದು. ಯಾರೂ ಹೇಳಿಕೊಡದೆ ಕಲಿತಿದ್ದಳು.

ವೊಬ್ಬೆ ತಾಯಿಯ ಎದೆಯ ಮೇಲೆ ತಲೆಯಿಟ್ಟು ಎತ್ತಿನ ಹಾಗೆ ಅತ್ತ. ಮೈಯೆಲ್ಲ ಹುಲ್ಲಿನ ಧೂಳು. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಯ ಕಡೆ ತಿರುಗಿ, ಎಂದಿನ ಡಚ್ಚಿನಲ್ಲಿ ಕೇಳಿದ.

"ಕೊನೆಯಲ್ಲಿ ಅವ್ವ ಏನಾದರೂ ಹೇಳಿದಳೇ? ನನ್ನನ್ನು ಕೇಳಿದಳೇ?"

ಫೀನಾ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ."

ಈಗ ಸಿಡಿಯುತ್ತಾನೆ, ಇಷ್ಟು ವರ್ಷ ಇದೇ ಮನೆಯಲ್ಲಿ ಇದೇ ಮಾತಾಡಿದವಳು ನೀನು ಎಂದು ಕೊರಳು ಹಿಡಿಯುತ್ತಾನೆ ಎಂದುಕೊಂಡೆ. ವೊಬ್ಬೆ ಕಣ್ಣೊರೆಸಿಕೊಂಡು ತಲೆಯಾಡಿಸಿದ.

"ಹೌದು. ನಿನಗೆ ಹೇಗೆ ಅರ್ಥವಾಗಬೇಕು" ಎಂದು ಅವಳ ಭುಜ ತಟ್ಟಿದ.

ಆಗ ಮಾತ್ರ ಫೀನಾಳ ಮುಖ ಕುಸಿಯಿತು. ಮುದುಕಿ ಬೆಕ್ಕಿನೊಡನೆ ಮಾತಾಡಿದಾಗಲೂ ಹಾಗಾಗಿರಲಿಲ್ಲ. ಗೋಡೆ ಹಿಡಿದುಕೊಂಡು ನಿಂತಳು. ಅವಳ ಸೇಡು ಕೂಡ ಅವನ ಕಿವಿಗೆ ಬೀಳಲಿಲ್ಲ.

ಹೆಣ ತೊಳೆಯುವುದು ನಮ್ಮಲ್ಲಿ ನೆರೆಯವರ ಕೆಲಸ, ಮನೆಯವರು ಮುಟ್ಟಬಾರದು. ನಾನು ನೀರು ಕಾಯಿಸಿದೆ. ಬಾಗಿಲು ಹಾಕಿಕೊಂಡು ನೋಡಿದರೆ ಫೀನಾ ಹೊರಗೆ ಹೋಗಿರಲಿಲ್ಲ, ಅಂಗಿಯ ತೋಳು ಮಡಿಸಿಕೊಂಡು ಮುದುಕಿಯ ಕಾಲ ಬಳಿ ನಿಂತಿದ್ದಳು. ಹೋಗೆಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಇಬ್ಬರೂ ಸೇರಿ ಆ ಉದ್ದನೆಯ ಬಿಳಿ ಮೈಯನ್ನು ಹೊರಳಿಸಿದೆವು. ಒಂದು ಹುಣ್ಣಿಲ್ಲ, ಒಂದು ಕಲೆಯಿಲ್ಲ. ಅಷ್ಟು ಚೆನ್ನಾಗಿ ನೋಡಿಕೊಂಡಿದ್ದಳು. ಅದನ್ನು ನೋಡಿ ನನಗೆ ಏನಾಯಿತೋ, ಮಾತು ತಾನಾಗಿ ಹೊರಬಂತು. ಡಚ್ಚಿನಲ್ಲಲ್ಲ.

"ನಂಗೆಲ್ಲಾ ಕೇಳಿಸ್ತು ಕಣೇ ಫೀನಾ. ಬಾಗಿಲ ಹತ್ರಾನೇ ಇದ್ದೆ. ಯಾರಿಗೂ ಹೇಳಲ್ಲ, ಹೆದರ್ಕೋಬೇಡ. ಬಾ, ಮುಗಿಸ್ಬಿಟ್ಟು ನಮ್ಮನೇಲಿ ಕಾಫಿ ಕುಡಿಯೋಣ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆ ಕಪ್ಪು ಕಣ್ಣುಗಳಲ್ಲಿ ನೀರು ತುಂಬಿಕೊಂಡಿತು. ನಾನು ಕಾದೆ. ಹೊರಗೆ ಮಳೆ ಶುರುವಾಗಿ ಹೊಲದಲ್ಲಿ ಗಂಡಸರು ಕೂಗಾಡುತ್ತಿದ್ದರು.

"ಕ್ಷಮಿಸಬೇಕು ಯಿಕ್ಕೆಯವರೇ" ಎಂದಳು ಡಚ್ಚಿನಲ್ಲಿ. "ತಾವು ಏನು ಹೇಳಿದಿರೋ ನನಗೆ ತಿಳಿಯಲಿಲ್ಲ. ಆ ಟವೆಲನ್ನು ದಯವಿಟ್ಟು ಈ ಕಡೆ ಕೊಡುವಿರಾ?"

ನಾನು ಟವೆಲು ಕೊಟ್ಟೆ. "ತೆಗೆದುಕೊಳ್ಳಿ" ಎಂದೆ.